ಒಂಟಿ ಕದವೇ ಸಾಕೆನ್ನುವ ಮೇಸ್ತ್ರಿ

ಹೊತ್ತು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಆಗಲೇ ಗಾರೆ ಆರದ ಹೊಸ ಮನೆಯೊಂದರ ಮುಂದೆ ಕದದ ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನಿಂತಿದ್ದಾರೆ. ತೆರೆದಿರುವ ಆ ಇನ್ನೊಂದು ಕಣ್ಣಿಗೆ ಹೆದರಿ ಊರಿನ ಸೊಟ್ಟಗಳೆಲ್ಲ ತಾವಾಗಿಯೇ ನೆಟ್ಟಗಾಗುತ್ತವೆ. ಕೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿ, ಅದರಲ್ಲೊಂದು ಸೀಳಿನಷ್ಟು ಚೌಕಟ್ಟು ವಾಲಿದರೂ ಅವರಿಗೆ ಆನೆ ಅಡ್ಡ ಮಲಗಿದಂತೆ ಕಾಣುತ್ತದೆ. ಬೆಳಕು ಕೂಡ ಇವರ ಅಪ್ಪಣೆ ಕೇಳಿಯೇ ಈ ಬೀದಿಯ ಮನೆಗಳೊಳಗೆ ಕಾಲಿಡುವುದು.

ನಲವತ್ತೊಂದು ವರ್ಷದಿಂದ ಅವರದು ಒಂದೇ ಕೆಲಸ, ಮನೆಗಳ ಮುಂಬಾಗಿಲು. ಎಷ್ಟು ಲಕ್ಷ ಬಾಗಿಲು ಮಾಡಿರಬಹುದು?

"ಲಕ್ಷವಾ! ನಾನೇನು ಗೆದ್ದಲಾ? ವಾರಕ್ಕೊಂದು ಅಂದ್ರೂ ಎರಡು ಸಾವಿರ ದಾಟಿರಬೇಕು, ಅಷ್ಟೇ."

ಆ ಎರಡು ಸಾವಿರ ಮನೆಗಳ ಜನ ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಓಡಾಡುತ್ತಾರೆ. ಬಾಗಿಲು ಮಾಡಿದವರು ಯಾರೆಂದು ಕೇಳಿದವರು ಒಬ್ಬರೂ ಇಲ್ಲ. ಮೇಸ್ತ್ರಿಯ ಎಡಗೈ ತೋರುಬೆರಳಿನ ತುದಿ ಎಂದೋ ಗರಗಸದ ಪಾಲಾಗಿದೆ. ಮರದ ಪುಡಿ ಕುಡಿದ ಎದೆ, ನಾಲ್ಕು ಮೆಟ್ಟಿಲೇರಿದರೆ ಸಿಳ್ಳೆ ಹಾಕುತ್ತದೆ.

ಇವತ್ತಿನ ಜಗಳ ಮೂರೂವರೆ ಅಡಿ ಅಗಲದ್ದು. ಬಸ್ ಡ್ರೈವರಾದ ಮನೆಯ ಯಜಮಾನರು ಅಷ್ಟರಲ್ಲೇ ಜೋಡಿ ಕದ ಆಗಬೇಕೆಂದು ಪಟ್ಟು ಹಿಡಿದಿದ್ದಾರೆ. "ಅಣ್ಣನ ಮನೇಲಿ ಜೋಡಿ ಇದೆ ಮೇಸ್ತ್ರಿ. ನಾನು ಒಂಟಿ ಹಾಕಿಸಿದ್ರೆ ಅತ್ತಿಗೆ ವರ್ಷವಿಡೀ ಆಡ್ಕೋತಾರೆ."

"ಅಣ್ಣನ ಮನೇಲಿ ಆರಡಿ ಜಾಗ ಇದೆ, ಅಲ್ಲಿ ಜೋಡಿ ಶೋಭೆ. ಇಲ್ಲಿ ಒಂದೊಂದು ಕದ ಒಂದೂಮುಕ್ಕಾಲು ಅಡಿ ಬರುತ್ತೆ. ಬೆಕ್ಕಿಗಾದ್ರೆ ಸಾಕು!"

ಬಾಯಿಮಾತಿಗೆ ಬಗ್ಗದವರಿಗೆ ಮೇಸ್ತ್ರಿಯ ಬಳಿ ಒಂದು ಪರೀಕ್ಷೆಯಿದೆ. ಚೌಕಟ್ಟಿನ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಮರದ ಪಟ್ಟಿ ಹೊಡೆಯುತ್ತಾರೆ. ಡ್ರೈವರ್ ಅವರ ಮಂಡಿ ನೋವಿನ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಎತ್ತಿಕೊಂಡು ಹೊರಗೆ ಬನ್ನಿ ಎನ್ನುತ್ತಾರೆ. ಮಗ ಸೊಸೆ ಎತ್ತುತ್ತಾರೆ. ಕುರ್ಚಿ ಸಿಕ್ಕಿಕೊಳ್ಳುತ್ತದೆ, ಡ್ರೈವರ್ ಬೆರಳಿನ ಗೆಣ್ಣು ತರಚುತ್ತದೆ.

"ನನ್ನ ಅಳತೆಗೆ ಬಾಗಿಲು ಯಾಕಪ್ಪಾ?" ತಾಯಿ ಕುರ್ಚಿಯಲ್ಲೇ ಕಿಸಕ್ಕನೆ ನಗುತ್ತಾರೆ. "ಒಳಗೆ ನಡ್ಕೊಂಡೇ ಬರ್ತೀನಿ. ಹೊರಗೆ ಹೋಗೋವಾಗ ನೀವು ಗೋಡೆ ಒಡೆದ್ರೂ ನಂಗೇನು ಗೊತ್ತಾಗುತ್ತೆ!"

"ಅತ್ತೆ, ಸುಮ್ನಿರಿ," ಸೊಸೆ ಗದರುತ್ತಾಳೆ.

ಡ್ರೈವರ್ ಸೋಲುವ ಆಸಾಮಿಯಲ್ಲ. "ಬೇಕಾದಾಗ ಇನ್ನೊಂದು ಕದಾನೂ ತೆಗೆದ್ರಾಯ್ತಲ್ಲ ಮೇಸ್ತ್ರಿ?"

ಮೇಸ್ತ್ರಿಯ ಮುಖದಿಂದ ನಗು ಇಳಿಯುತ್ತದೆ. "ತೆಗೀಬಹುದು. ನಾನೂ ಹಾಗೇ ಅಂದಿದ್ದೆ."

ಹದಿನೆಂಟು ವರ್ಷದ ಹಿಂದೆ ಅವರು ಸ್ವಂತ ಮನೆಗೆ ಬಾಗಿಲು ಮಾಡುವಾಗ ಹೆಂಡತಿ ಕೇಳಿದ್ದು ಒಂಟಿ ಕದ. ಸೊಂಟದಲ್ಲಿ ಬಿಂದಿಗೆಯಿಟ್ಟುಕೊಂಡು ನೇರವಾಗಿ ಒಳಗೆ ಬರಬೇಕೆಂಬುದಷ್ಟೇ ಆಕೆಯ ಆಸೆ. ಮೇಸ್ತ್ರಿಗೆ ಕಸುಬಿನ ಜಂಬ. ಮೂರೂವರೆ ಅಡಿಯಲ್ಲೇ ಜೋಡಿ ಕದ ಕೂರಿಸಿದರು. ಮೂರು ಲೋಕದಲ್ಲೂ ಅಂಥ ಬಾಗಿಲಿರಲಿಲ್ಲ. ಬಲಗಡೆಯ ಕದ ದಿನವೂ ತೆರೆಯುತ್ತಿತ್ತು. ಎಡಗಡೆಯದಕ್ಕೆ ಮೇಲೊಂದು ಕೆಳಗೊಂದು ಅಗುಳಿ, ಹಾಕಿದ್ದು ಹಾಕಿದಂತೆ. ಎರಡು ವರ್ಷಕ್ಕೊಮ್ಮೆ ಮೇಸ್ತ್ರಿಯೇ ಕೈಯಾರೆ ಬಣ್ಣ ಬಳಿದರು, ಅಗುಳಿಯ ಮೇಲೂ ಸೇರಿಸಿ. ಬಣ್ಣದ ಮೇಲೆ ಬಣ್ಣ ಕೂತು ಅಗುಳಿ ಮರಕ್ಕೇ ಅಂಟಿತು.

ಆರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಹೆಂಡತಿ ಎದೆ ಹಿಡಿದುಕೊಂಡು ಕುಸಿದರು. ಮಲಗಿಸಿಯೇ ಒಯ್ಯಬೇಕು ಎಂದರು ಆಂಬುಲೆನ್ಸಿನವರು. ಅರ್ಧ ಬಾಗಿಲಲ್ಲಿ ಸ್ಟ್ರೆಚರ್ ತೂರಲಿಲ್ಲ. ಅಗುಳಿ ಅಲುಗಲಿಲ್ಲ.

"ಎರಡು ಸಾವಿರ ಬಾಗಿಲು ಮಾಡಿದ ಕೈ ಇದು. ಒಂದು ಅಗುಳಿ ತೆಗೆಯೋಕಾಗಲಿಲ್ಲ. ಕೊನೆಗೆ ಕೊಡಲಿ ತಗೊಂಡು ಒಡೆದೆ. ಅವಳು ನನ್ನನ್ನೇ ನೋಡ್ತಿದ್ಳು. 'ನಿಧಾನ ರೀ, ಕೈಗೆ ಏಟಾದೀತು' ಅಂದ್ಳು."

ಆಮೇಲೆ ಆಕೆ ಮಾತಾಡಲಿಲ್ಲ.

"ಸ್ವಲ್ಪ ಮೊದಲು ಬಂದಿದ್ರೆ ಉಳೀತಿದ್ಳಾ ಅಂತ ಡಾಕ್ಟ್ರನ್ನ ಕೇಳಬೇಕಿತ್ತು. ಕೇಳಲಿಲ್ಲ. ಇನ್ನೂ ಕೇಳಿಲ್ಲ."

ಅವರ ಮನೆಯಲ್ಲಿ ಒಡೆದ ಕದದ ಜಾಗಕ್ಕೆ ಇಂದಿಗೂ ತಗಡು ಹೊಡೆದಿದೆ. "ನಮ್ಮ ಬಾಗಿಲು ನೋಡಿದವರು ನಿನಗೆ ಕೆಲಸ ಕೊಡ್ತಾರೇನಪ್ಪಾ?" ಎಂದು ಮಗಳು ರೇಗುತ್ತಾಳೆ. ಮೇಸ್ತ್ರಿ ಎರಡು ಸಲ ಅಳತೆ ತೆಗೆದದ್ದುಂಟು, ಹಲಗೆ ತಂದಿಟ್ಟದ್ದೂ ಉಂಟು. ಬೇರೆಯವರ ಮನೆಯಲ್ಲಿ ಸಲೀಸಾಗಿ ಓಡುವ ಉಳಿ, ಅಲ್ಲಿ ಚೀಲದಿಂದಲೇ ಹೊರಬರುವುದಿಲ್ಲ.

ಹೊಸ ಮನೆಯ ಮುಂದೆ ಈಗ ಡ್ರೈವರ್ ತರಚಿದ ಬೆರಳನ್ನೇ ನೋಡುತ್ತ ನಿಂತಿದ್ದಾರೆ. ಸೊಸೆ ತಾನೇ ಸುತ್ತಿಗೆ ಎತ್ತಿಕೊಂಡು ನಡುವಿನ ಪಟ್ಟಿ ಕೀಳುತ್ತಾಳೆ. "ಒಂಟಿನೇ ಹಾಕಿ ಮೇಸ್ತ್ರಿ. ಇವರ ಅತ್ತಿಗೆ ನಕ್ಕರೆ ನಾನು ನೋಡ್ಕೋತೀನಿ."

ಡ್ರೈವರ್ ತಲೆಯಾಡಿಸುತ್ತಾರೆ, ಬಾಗಿಲಿನ ಮೂಲೆಯಲ್ಲಿ ನಿಮ್ಮ ಹೆಸರೊಂದು ಕೆತ್ತಿಬಿಡಿ ಎಂದು ಮೆಲ್ಲಗೆ ಹೇಳುತ್ತಾರೆ. ಮೇಸ್ತ್ರಿ ಟೇಪು ಬಿಚ್ಚುತ್ತಾರೆ.

"ಹೆಸರು ಯಾಕೆ ಸ್ವಾಮಿ? ಯಾರನ್ನಾದ್ರೂ ಎತ್ಕೊಂಡು ಅವಸರದಲ್ಲಿ ಓಡುವಾಗ, ಇಲ್ಲೊಂದು ಬಾಗಿಲಿತ್ತು ಅನ್ನೋದೇ ನಿಮಗೆ ಗೊತ್ತಾಗಬಾರದು. ಅಷ್ಟಾದ್ರೆ ನನಗೆ ಸಾಕು."