ಸಾಹುಕಾರರ ಗಾಡಿಗೆ ಬ್ರೇಕು

ಬುಕ್ಕಾಂಬುಧಿಯ ಕೆರೆ ಏರಿ ಇಳಿಯುವಾಗ ನನ್ನ ಗಾಡಿ ಎತ್ತುಗಳನ್ನೇ ತಳ್ಳಿಕೊಂಡು ಓಡತೊಡಗಿತು. ತರೀಕೆರೆಯ ಸಾಹುಕಾರರ ಅಂಗಡಿಯಿಂದ ಅವರದೇ ಗಾಡಿಯಲ್ಲಿ ಹಳ್ಳಿಗಳಿಗೆ ದಿನಸಿ ಸಾಗಿಸುವುದು ಆಗ ನನ್ನ ಕೆಲಸ. ಅಕ್ಕಿ ಮೂಟೆ, ಬೆಲ್ಲ, ಸೀಮೆಎಣ್ಣೆ ಡಬ್ಬಗಳ ಭಾರಕ್ಕೆ ಹಗ್ಗ ಎಷ್ಟು ಜಗ್ಗಿದರೂ ಗಾಡಿ ನಿಲ್ಲಲಿಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಆಳದಲ್ಲಿ ಗದ್ದೆ.

ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಓಡಿಬಂದು ತನ್ನ ಹಸಿ ಹುಲ್ಲಿನ ಹೊರೆಯನ್ನು ಚಕ್ರದ ಮುಂದಕ್ಕೆ ಎಸೆದಳು. ಚಕ್ರ ಅದಕ್ಕೆ ಸಿಕ್ಕಿಕೊಂಡು, ಗಾಡಿ ವಾಲಿ, ಏರಿಯ ಅಂಚಿನಲ್ಲಿ ನಿಂತಿತು. ನಾನು ಕೆಳಗೆ ಹಾರಿ ಎತ್ತುಗಳನ್ನು ಹಿಡಿದುಕೊಂಡೆ.

"ಬ್ರೇಕೇ ಇಲ್ವಲ್ಲೋ ತಮ್ಮಾ!" ಎಂದಳು ಆಕೆ.

"ಸಾವ್ಕಾರ್ರು ಮುಂದಿನ್ ವರ್ಷ ಹಾಕಿಸ್ತೀನಿ ಅಂದವ್ರೆ ಕಣಕ್ಕಾ."

"ಮುಂದಿನ್ ವರ್ಷಕ್ಕೆ ನೀನಿರ್ಬೇಕಲ್ಲಪ್ಪಾ!"

ಮರುದಿನ ಬೆಳಿಗ್ಗೆ ನಾನು ಗಾಡಿ ಹೂಡಲಿಲ್ಲ. ಸಾಹುಕಾರರು ಗದರಿದಾಗ, "ಬ್ರೇಕ್ ಹಾಕ್ಸೋಗಂಟ ಏರಿ ಮೇಲೆ ಹೋಗಾಕಿಲ್ಲ ಬುದ್ಧೀ" ಎಂದುಬಿಟ್ಟೆ. ನನ್ನ ಜೊತೆಯ ಇಬ್ಬರು ಗಾಡಿಯವರೂ ತಮ್ಮ ಎತ್ತುಗಳ ನೊಗ ಬಿಚ್ಚಿದರು. ಅಂಗಡಿಯ ಮುಂದೆ ಮೂಟೆಗಳು ಹಾಗೇ ಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಸಾಹುಕಾರರೇ ಬಡಗಿಗೆ ಹೇಳಿಕಳಿಸಿದರು. ಎರಡು ದಿನದಲ್ಲಿ ಮೂರೂ ಗಾಡಿಗಳಿಗೆ ಮರದ ಬ್ರೇಕು ಬಂತು. ಮೂರನೆಯ ದಿನ ನಾವು ಸಾಲಾಗಿ, ಹಾಡು ಹೇಳಿಕೊಂಡು, ಅದೇ ಏರಿ ಇಳಿದೆವು.

ಯಜಮಾನರ ಎದುರು ನಿಂತು 'ಆಗಾಕಿಲ್ಲ' ಅನ್ನಬಹುದು ಎಂಬುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಎಂದೂ ಮರೆಯಲಿಲ್ಲ.