ಕತ್ತಲೆ ಮಾವನ ಮರಿಮೀನು

ನಮ್ಮ ಸೋದರಮಾವನಿಗೆ ಮನೆಮಂದಿಯೆಲ್ಲ ಇಟ್ಟ ಹೆಸರು ಕತ್ತಲೆ ಮಾವ. ಮನೆಯಲ್ಲೇ ಫೋಟೋ ಸ್ಟುಡಿಯೋ ಇಟ್ಟುಕೊಂಡು ಅರ್ಧ ಆಯಸ್ಸನ್ನು ಡಾರ್ಕ್‌ರೂಮಿನ ಕೆಂಪು ಬಲ್ಬಿನ ಕೆಳಗೆ ಕಳೆದವರು. ಎಲ್ಲರ ಕೈಗೂ ಮೊಬೈಲು ಬಂದು ಫೋಟೋ ತೊಳೆಸುವವರೇ ಇಲ್ಲವಾದಾಗ ಬೇರೆಯವರಾಗಿದ್ದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಈ ಮಹಾರಾಯರು ಅದೇ ಕೋಣೆಯಲ್ಲಿ ಮೀನು ಸಾಕಿದರು!

ಅದೂ ಎಂಥ ಮೀನು? ಬೆರಳಿನ ಒಂದು ಗೆಣ್ಣಿನಷ್ಟುದ್ದ, ಮೈಮೇಲೊಂದು ನೀಲಿ ಗೆರೆ, ಕೆಳಗೊಂದು ಕೆಂಪು. ಕಾಡಿನ ತೊರೆಯಲ್ಲಿ ಎಲೆ ಕೊಳೆತು ಕಪ್ಪಾದ ನೀರೇ ಇವಕ್ಕೆ ಬೇಕು. ಮಾವ ಬಾದಾಮಿ ಮರದ ಒಣಎಲೆ ಆರಿಸಿ ತಂದು ಮಳೆನೀರಿನಲ್ಲಿ ನೆನೆಹಾಕುತ್ತಿದ್ದರು. ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಮಾವನ ಮುಖ ಅರಳುತ್ತಿತ್ತು, ಅತ್ತೆಯದು ಗಂಟಿಕ್ಕುತ್ತಿತ್ತು.

ಅತ್ತೆ ರಫೂ ಕೆಲಸದಲ್ಲಿ ಎತ್ತಿದ ಕೈ. ನೂಲಿಗೆ ನೂಲು ಕೂಡಿಸಿ ಹೊಲಿದರೆ ಕೋಟು ಹರಿದದ್ದೆಲ್ಲಿ ಎಂದು ಕೋಟಿನವನಿಗೂ ತಿಳಿಯದು. ಆದರೆ ಪಾಪ, ಅವರ ಹೊಲಿಗೆ ಮಿಷನ್ನು ಅಡುಗೆಮನೆ ಬಾಗಿಲಿಗೆ ಅಡ್ಡ. ಮೀನಿನ ಕೋಣೆಯ ಮೇಲೆ ಅವರಿಗೆ ಕಣ್ಣಿತ್ತು.

ಮಾವನಿಗಿದ್ದದ್ದು ಒಂದೇ ಆಸೆ, ಮರಿಗಳನ್ನು ನೋಡಬೇಕು. ಈ ಮೀನಿನ ಮೊಟ್ಟೆ ಬೆಳಕು ಬಿದ್ದರೆ ಕೆಡುತ್ತದೆ. ಅದಕ್ಕೇ ಪುಟ್ಟ ಗಾಜಿನ ತೊಟ್ಟಿಯಲ್ಲಿ ಮೊಟ್ಟೆ ಇಡಿಸಿ, ಅಪ್ಪ ಅಮ್ಮ ಮೀನುಗಳು ಅದನ್ನು ನುಂಗುವ ಮುಂಚೆ ಅವನ್ನು ಬೇರೆಡೆಗೆ ಸಾಗಿಸಿ, ಕಿಟಕಿಗೆ ಹಲಗೆ ಮುಚ್ಚಿ ಕಾಯುತ್ತಿದ್ದರು. ಆಮೇಲೆ ಕೆಂಪು ಬಲ್ಬು ಹಾಕಿ ಇಣುಕುವುದು, "ಊಹೂಂ, ಕೆಟ್ಟೋಯ್ತು" ಎಂದು ನೀರನ್ನು ಬಚ್ಚಲಿಗೆ ಸುರಿಯುವುದು. ಹೀಗೇ ಎಷ್ಟು ಸಲವೋ!

"ಇದೇ ಕೊನೇ ಸಲ ಕಣ್ರೀ. ಇದೂ ಆಗ್ಲಿಲ್ಲ ಅಂದ್ರೆ ಕೋಣೆ ನನ್ನ ಮಿಷನ್ನಿಗೆ," ಎಂದರು ಅತ್ತೆ.

ಆಗಲಿಲ್ಲ. ಮಾವ ಜೋಲುಮುಖ ಹಾಕಿಕೊಂಡು ತೊಟ್ಟಿಯನ್ನು ಎತ್ತಿದರು. ಅತ್ತೆಯೋ ಆಗಲೇ ಪರದೆಗೆಂದು ತಂದ ಹೂವಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಅಳತೆ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ತುರುಕಿ, ಕಿಟಕಿಯ ಹಲಗೆ ಸರಿಸಿದರು. ಬಿಸಿಲು ಓರೆಯಾಗಿ ತೊಟ್ಟಿಯೊಳಗೆ ಬಿತ್ತು.

"ರೀ, ನಿಂತ್ಕೊಳ್ಳಿ!"

"ಏನೇ?"

"ಅಲುಗಾಡಬೇಡಿ ಅಂದೆ!" ಅತ್ತೆ ಗಾಜಿಗೆ ಮೂಗು ಒತ್ತಿದರು. "ಇಲ್ಲಿ ದಾರದ ಚೂರು ಅಂಟಿಕೊಂಡಿದೆ. ದಾರಕ್ಕೆ ಎಲ್ಲಾದ್ರೂ ಎರಡು ಕಣ್ಣಿರುತ್ತೇನ್ರೀ?"

ನಾನೂ ನೋಡಿದೆ. ಮೊದಲು ಬರೀ ಕಂದು ನೀರು. ಆಮೇಲೆ ಜೋಡಿ ಜೋಡಿ ಕಪ್ಪು ಚುಕ್ಕೆ, ಗಾಜಿನುದ್ದಕ್ಕೂ! ಮೈಯೇ ಕಾಣದಷ್ಟು ತೆಳ್ಳಗಿನ ಮರಿಗಳು. ಕೆಂಪು ಬೆಳಕಿನಲ್ಲಿ ಇವು ಯಾರ ಕಣ್ಣಿಗೆ ಬೀಳಬೇಕು? ಮಾವ ತೊಟ್ಟಿ ಹಿಡಿದೇ ಕುಣಿದರು, ಅತ್ತೆ "ಚೆಲ್ಲುತ್ತೆ, ಚೆಲ್ಲುತ್ತೆ" ಎಂದು ಹಿಂದೆಯೇ ಸುತ್ತಿದರು, ನಾನು ಟೇಪಿನಲ್ಲಿ ಸಿಕ್ಕಿಕೊಂಡು ಬಿದ್ದು ಬಿದ್ದು ನಕ್ಕೆ.

ಮಾವ ತಟ್ಟನೆ ನಿಂತರು. "ಹಾಗಾದ್ರೆ ಇಷ್ಟು ದಿನ ನಾನು ಬಚ್ಚಲಿಗೆ ಸುರಿದಿದ್ದು..."

ಅತ್ತೆ ಅವರ ಕೈಯಿಂದ ತೊಟ್ಟಿಯನ್ನು ಮೆಲ್ಲಗೆ ಇಸಿದುಕೊಂಡು ಮೇಜಿನ ಮೇಲಿಟ್ಟರು.

"ಅದನ್ನೀಗ ನೆನೆಸ್ಕೋಬೇಡಿ. ಇವಕ್ಕೆ ಬಿಸಿಲು ತಾಗ್ತಿದೆ, ಮೊದ್ಲು ಅದು ನೋಡಿ."

ಹಲಗೆಯನ್ನು ತಾವೇ ಮುಚ್ಚಿದರು. ಹೂವಿನ ಬಟ್ಟೆಯನ್ನು ಎರಡು ಮಡಿಕೆ ಮಾಡಿ ತೊಟ್ಟಿಗೆ ಹೊದಿಸಿದರು.

"ಅತ್ತೇ, ಮಿಷನ್ನು?" ಎಂದೆ ನಾನು.

"ಅಡುಗೆಮನೆ ಬಾಗಿಲು ಎಲ್ಲಿಗೂ ಓಡಿಹೋಗಲ್ಲ. ಮೆಲ್ಲಗೆ ಮಾತಾಡು, ಮಕ್ಕಳು ಹೆದರ್ಕೋತವೆ."