ಕೊನೆಯ ನಲ್ಲಿಯ ಹಳದಿ

ಕುರುಗೋಡಿನ ಎರ್ರಣ್ಣನನ್ನು ಯಾರಾದರೂ ನೀರಗಂಟಿ ಎಂದು ಕರೆದರೆ ಅವನ ಮುಖ ಸಣ್ಣದಾಗುತ್ತಿತ್ತು. ಕುಡಿಯುವ ನೀರಿನ ಪರೀಕ್ಷೆಗೆಂದು ಪುಟ್ಟ ಪೆಟ್ಟಿಗೆಯೊಂದು ಕೈಗೆ ಬಂದ ದಿನದಿಂದ ಅವನು ತನ್ನ ಲೆಕ್ಕದಲ್ಲಿ ಡಾಕ್ಟರೇ.

ಟ್ಯಾಂಕಿನ ಬುಡದಲ್ಲೇ ಮೂಕಪ್ಪನ ಚಹಾದಂಗಡಿ. ದಿನಾ ಬೆಳಿಗ್ಗೆ ಅಲ್ಲಿಯ ನಲ್ಲಿಯಿಂದ ಗಾಜಿನ ನಳಿಕೆಗೆ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಎರ್ರಣ್ಣ ಅದನ್ನು ಬಿಸಿಲಿಗೆ ಎತ್ತುತ್ತಿದ್ದ. ಹಳದಿ ಬಂದರೆ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇದೆ, ಕುಡಿಯಬಹುದು. ಚಹಾಕ್ಕೆ ಬಂದವರು ಬಾಯಿ ತೆರೆದು ನೋಡುತ್ತಿದ್ದರು.

ಊರಿನ ಕೊನೆಯ ನಲ್ಲಿಯನ್ನೂ ನೋಡಬೇಕೆಂಬ ನಿಯಮವಿತ್ತು. ಆದರೆ ಅಲ್ಲಿ ಬಾಯಿ ತೆರೆದು ನೋಡಲು ಜನ ಸೇರುತ್ತಿರಲಿಲ್ಲ. ಅದೇ ಟ್ಯಾಂಕು, ಅದೇ ಪೈಪು, ದಾರಿಯಲ್ಲಿ ನೀರಿನ ಜಾತಿ ಬದಲಾಗುತ್ತದೆಯೇ? ಕುಳಿತಲ್ಲೇ ರಿಜಿಸ್ಟರಿನಲ್ಲಿ ಅದಕ್ಕೂ 'ಹಳದಿ' ಎಂದು ಬರೆಯುತ್ತಿದ್ದ.

ಒಂದು ದಿನ ಮೂಕಪ್ಪ, "ಡಾಕ್ಟರೇ, ಚಹಾ ಬರೇ ಪೌಡರ್ ವಾಸ್ನಿ ಹೊಡಿತೈತಿ. ಒಂಚೂರು ಕಮ್ಮಿ ಹಾಕ್ರಿ" ಅಂದ. ಡಾಕ್ಟರೇ ಅಂದ ಮೇಲೆ ಇಲ್ಲವೆನ್ನಲಾದೀತೆ? ಎರ್ರಣ್ಣ ಟ್ಯಾಂಕಿಗೆ ಹಾಕುವ ಪೌಡರನ್ನು ಅರ್ಧಕ್ಕಿಳಿಸಿದ. ಅಂಗಡಿಯ ನಲ್ಲಿಯಲ್ಲಿ ಹಳದಿ ತೆಳ್ಳಗಾಯಿತು, ಹೋಗಲಿಲ್ಲ.

ಕೊನೆಯ ನಲ್ಲಿ ಇದ್ದದ್ದು ಅವನ ಅಕ್ಕ ದೊಡ್ಡಬಸಮ್ಮನ ಮನೆ ಮುಂದೆ.

"ಲೇ ಎರ್ರಿ, ನೀರು ಯಾಕೋ ಮಣ್ಣು ಮಣ್ಣು ಐತಿ. ಕಾಸಿ ಕುಡಿಯಾಕ ಹತ್ತೀನಿ" ಅಂದಳು.

"ನಾ ದಿನಾ ನೋಡತೀನಿ, ನೀ ಕಾಸ್ತಿ! ಓಣಿ ಮಂದಿ ಏನಂತಾರಕ್ಕ?"

ತಮ್ಮನ ಮರ್ಯಾದೆ ದೊಡ್ಡದು. ಆಕೆ ಕಾಸುವುದನ್ನು ಬಿಟ್ಟಳು. ಓಣಿಗೂ ಹೇಳಿದಳು: "ನನ್ ತಮ್ಮ ನೋಡ್ಯಾನ, ಸುಮ್ನ ಕುಡೀರಿ."

ಹದಿನೈದು ದಿನದಲ್ಲಿ ಓಣಿಯ ಆರು ಜನಕ್ಕೆ ವಾಂತಿಭೇದಿ. ಐದು ಜನ ಎದ್ದರು. ದೊಡ್ಡಬಸಮ್ಮನನ್ನು ಬಳ್ಳಾರಿಯ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಅಂದು ಎರ್ರಣ್ಣ ಮೊದಲ ಬಾರಿಗೆ ಕೊನೆಯ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಹನಿ ಬಿಟ್ಟ. ಬಣ್ಣ ಬರಲಿಲ್ಲ; ಅರ್ಧ ಪೌಡರ್ ಅಷ್ಟು ದೂರದವರೆಗೆ ಉಳಿದಿರಲಿಲ್ಲ. ಮತ್ತೆ ಬಿಟ್ಟ. ಸೀಸೆ ಖಾಲಿಯಾಗುವ ತನಕ ಬಿಟ್ಟ. ರಿಜಿಸ್ಟರಿನಲ್ಲಿ ಅಂದಿನ ಸಾಲು ಆಗಲೇ ಭರ್ತಿಯಾಗಿತ್ತು, ಅವನದೇ ದುಂಡು ಅಕ್ಷರದಲ್ಲಿ.

ಪುರಸಭೆಯ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿ, ಪೌಡರನ್ನು ಮೊದಲಿನಷ್ಟೇ ಹಾಕಿ, ಬಳ್ಳಾರಿಯ ಬಸ್ಸು ಹತ್ತಿದ.

ದೊಡ್ಡಬಸಮ್ಮನ ಕಣ್ಣುಗಳು ಗುಳಿಬಿದ್ದಿದ್ದವು. ನರ್ಸ್ ಕೊಟ್ಟ ನೀರನ್ನು ತಳ್ಳಿ, "ಇದು ಬ್ಯಾಡ. ನಮ್ಮೂರ್ ನೀರು ತಂದೀಯೇನೋ?" ಅಂದಳು.

ಎರ್ರಣ್ಣ ಹೊರಗೆ ಹೋಗಿ ಬಾಟಲಿ ನೀರು ಕೊಂಡು, ಲೋಟಕ್ಕೆ ಸುರಿದು ತಂದ.

"ಊರಿಂದಾ ಅಕ್ಕ."

"ನೀ ನೋಡೀಯಲಾ?"

"ನೋಡೀನಿ."

ಆಕೆ ಪೂರ್ತಿ ಕುಡಿದಳು. ಮೂರನೆಯ ದಿನ ತೀರಿಕೊಂಡಳು.

ಈಗ ಎರ್ರಣ್ಣ ಪರೀಕ್ಷೆಯನ್ನು ಕೊನೆಯ ನಲ್ಲಿಯಿಂದಲೇ ಶುರು ಮಾಡುತ್ತಾನೆ. ಅಲ್ಲಿ ಹಳದಿ ಚೆನ್ನಾಗಿಯೇ ಬರುತ್ತದೆ. ಅಕ್ಕನ ಬಾಗಿಲಿಗೆ ಬೀಗ. ಉಳಿದ ಮನೆಗಳ ಹೆಂಗಸರು ನಳಿಕೆಯತ್ತ ನೋಡುವುದಿಲ್ಲ. ಅವನು ಹೋಗುವವರೆಗೆ ಕಾದು, ಕೊಡ ತುಂಬಿಕೊಂಡು, ಒಳಗೆ ಒಲೆ ಹಚ್ಚುತ್ತಾರೆ.